ಕಿಡ್ನಿ ಕಾಯಿಲೆಯ ಬೆಕ್ಕು ಊಟ ಬಿಟ್ಟಿದೆಯೇ? ಬಲವಂತ ಮಾಡುವ ಮೊದಲು ಇದನ್ನು ತಿಳಿದುಕೊಳ್ಳಿ

ನವಿ ಮುಂಬೈ: ಬಟ್ಟಲಿನ ಹತ್ತಿರ ಬರುತ್ತದೆ, ಮೂಸುತ್ತದೆ, ಒಂದೆರಡು ಸಲ ತುಟಿ ನೆಕ್ಕಿಕೊಂಡು ತಿರುಗಿ ಹೋಗುತ್ತದೆ. ವಯಸ್ಸಾದ ಬೆಕ್ಕು ಹೀಗೆ ಮಾಡಿದರೆ ಮನೆಯವರು ‘ಇದಕ್ಕೆ ನಖರಾ ಜಾಸ್ತಿ’ ಎಂದುಕೊಂಡು ಬೇರೆ ಪೌಚ್ ಒಡೆಯುತ್ತಾರೆ. ಘಣಸೋಲಿ, ಐರೋಳಿ, ಕೋಪರ್‌ಖೈರಣೆಯ ಫ್ಲ್ಯಾಟುಗಳಲ್ಲಿ ಬೆಕ್ಕು ಸಾಕುವ ಕನ್ನಡಿಗರ ಮನೆಗಳಲ್ಲೂ ಕಥೆ ಇದೇ. ಆದರೆ ಹತ್ತು ವರ್ಷ ದಾಟಿದ ಬೆಕ್ಕು ಊಟ ಬಿಟ್ಟರೆ ಮೊದಲು ಅನುಮಾನಿಸಬೇಕಾದ ಕಾಯಿಲೆಗಳಲ್ಲಿ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಒಂದು.

ಈ ಕಾಯಿಲೆ ಸದ್ದಿಲ್ಲದೆ ಬರುತ್ತದೆ. ಕಿಡ್ನಿಯ ಸಾಮರ್ಥ್ಯದಲ್ಲಿ ಸುಮಾರು ಮೂರನೇ ಎರಡು ಭಾಗ ಹೋಗುವವರೆಗೂ ಹೊರಗೆ ಹೆಚ್ಚೇನೂ ಕಾಣುವುದಿಲ್ಲ. ನೀರು ಜಾಸ್ತಿ ಕುಡಿಯುವುದು, ಲಿಟ್ಟರ್ ಟ್ರೇಯಲ್ಲಿ ಉಂಡೆಗಳು ದೊಡ್ಡದಾಗುವುದು, ಬೆನ್ನು ಸವರಿದರೆ ಮೂಳೆ ಕೈಗೆ ಸಿಗುವುದು ಮೊದಲ ಸುಳಿವುಗಳು. ಕಾಯಿಲೆ ಪತ್ತೆಯಾಗುವ ಹಿಂದಿನ ಒಂದು ವರ್ಷದಲ್ಲೇ ಬೆಕ್ಕುಗಳು ಸುಮಾರು ಶೇ. 9ರಷ್ಟು ತೂಕ ಕಳೆದುಕೊಂಡಿರುತ್ತವೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದೆ. 4 ಕಿಲೋ ಬೆಕ್ಕಿಗೆ ಅದು ಸುಮಾರು 360 ಗ್ರಾಂ ಮಾತ್ರ. ಕಣ್ಣಂದಾಜಿಗೆ ಸಿಗುವುದಿಲ್ಲ, ತಕ್ಕಡಿಗೆ ಸಿಗುತ್ತದೆ. ಬೆಕ್ಕನ್ನು ಎತ್ತಿಕೊಂಡು ತೂಕ ನೋಡಿ, ನಂತರ ನಿಮ್ಮ ತೂಕ ಕಳೆಯಿರಿ, ವಾರಕ್ಕೊಮ್ಮೆ ಬರೆದಿಡಿ.

ಹಸಿವಿಲ್ಲವೋ, ವಾಕರಿಕೆಯೋ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಕಿಡ್ನಿ ಶೋಧಿಸಿ ಹೊರಹಾಕಬೇಕಾದ ಕಲ್ಮಶ ರಕ್ತದಲ್ಲೇ ಉಳಿದಾಗ ಮೆದುಳಿನಲ್ಲಿ ವಾಂತಿಯನ್ನು ನಿಯಂತ್ರಿಸುವ ಭಾಗ ಕೆರಳುತ್ತದೆ. ಬೆಕ್ಕಿಗೆ ಹಸಿವಿದೆ, ತಿನ್ನಲಾಗುತ್ತಿಲ್ಲ. ಬಟ್ಟಲಿನ ಮುಂದೆ ತುಟಿ ನೆಕ್ಕುವುದು, ಜೊಲ್ಲು, ಮತ್ತೆ ಮತ್ತೆ ನುಂಗಿದಂತೆ ಮಾಡುವುದು, ಊಟದಿಂದ ಮುಖ ತಿರುಗಿಸುವುದು ಇವೆಲ್ಲ ವಾಕರಿಕೆಯ ಲಕ್ಷಣ. ಇನ್ನು ಕೆಲವು ಬೆಕ್ಕುಗಳಿಗೆ ಬಾಯಿಹುಣ್ಣು ಅಥವಾ ಹಲ್ಲುನೋವು ಇರುತ್ತದೆ. ದೇಹದಲ್ಲಿ ನೀರು ಕಡಿಮೆಯಾಗಿರಬಹುದು, ಪೊಟ್ಯಾಶಿಯಂ ಇಳಿದಿರಬಹುದು, ರಕ್ತಹೀನತೆ ಇರಬಹುದು. ಮಲಬದ್ಧತೆಯಿಂದಲೂ ಊಟ ಬಿಡುತ್ತದೆ; ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಮೂಲ ಕಾರಣ ಹಾಗೇ ಉಳಿಸಿಕೊಂಡು ಎಷ್ಟು ರುಚಿ ಬದಲಿಸಿದರೂ ಪ್ರಯೋಜನ ಅಷ್ಟಕ್ಕಷ್ಟೇ.

‘ಒಂದು ದಿನ ಉಪವಾಸ ಬಿದ್ದರೆ ತಾನೇ ತಿನ್ನುತ್ತೆ’ ಎಂಬ ಮಾತು ಬೆಕ್ಕಿನ ವಿಷಯದಲ್ಲಿ ಅಪಾಯಕಾರಿ. ಎರಡು-ಮೂರು ದಿನ ಏನೂ ತಿನ್ನದಿದ್ದರೆ ದೇಹದ ಕೊಬ್ಬು ಯಕೃತ್ತಿಗೆ ನುಗ್ಗಿ ಅಲ್ಲೇ ಶೇಖರವಾಗುತ್ತದೆ. ದಪ್ಪನೆಯ ಬೆಕ್ಕುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು. ಹಾಗಾಗಿ 24 ಗಂಟೆ ಪೂರ್ತಿ ಊಟ ಮುಟ್ಟದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ.

ಅಡುಗೆಮನೆಯಲ್ಲಿ ಏನು ಮಾಡಬಹುದು?

ಬೆಕ್ಕು ನಾಲಿಗೆಗಿಂತ ಮೂಗಿನಿಂದ ಊಟ ಮಾಡುವ ಪ್ರಾಣಿ. ಸಿಹಿಯಂತೂ ಅದಕ್ಕೆ ತಿಳಿಯುವುದೇ ಇಲ್ಲ. ಫ್ರಿಜ್‌ನಿಂದ ತೆಗೆದ ತಣ್ಣನೆ ಊಟಕ್ಕೆ ವಾಸನೆ ಇರುವುದಿಲ್ಲ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಬೆರಳಿಗೆ ಉಗುರುಬೆಚ್ಚಗೆ ಅನಿಸುವಷ್ಟು ಮಾಡಿ ಕೊಡಿ. ಆಳದ ಬಟ್ಟಲಿಗಿಂತ ಅಗಲದ ತಟ್ಟೆ ಮೇಲು, ಮೀಸೆ ತಾಗುವುದಿಲ್ಲ. ದಿನಕ್ಕೆ ಎರಡು ಸಲದ ಬದಲು ಐದಾರು ಸಲ, ಒಂದೊಂದು ಚಮಚ. ಇಪ್ಪತ್ತು ನಿಮಿಷದಲ್ಲಿ ತಿನ್ನದಿದ್ದರೆ ತೆಗೆದುಬಿಡಿ. ಮಳೆಗಾಲದಲ್ಲಿ ನಮ್ಮ ಕಡೆಯ ಸೆಕೆ-ತೇವಕ್ಕೆ ಹಸಿ ಊಟ ಬೇಗ ಹಳಸುತ್ತದೆ. ಹಳಸಿದ ವಾಸನೆ ನಮಗಿಂತ ಮೊದಲು ಬೆಕ್ಕಿಗೆ ಗೊತ್ತಾಗುತ್ತದೆ. ಊಟದ ಜಾಗ ಲಿಟ್ಟರ್ ಟ್ರೇಯಿಂದ ದೂರವಿರಲಿ. 1 ಆರ್‌ಕೆ ಮನೆಯಲ್ಲಿ ಇದು ಕಷ್ಟವೇ, ಆದರೂ ಒಂದನ್ನು ಬಾಲ್ಕನಿಗೆ ಸಾಗಿಸಿದರೆ ವ್ಯತ್ಯಾಸ ಕಾಣುತ್ತದೆ.

ಉಪ್ಪು, ಮಸಾಲೆ ಇಲ್ಲದೆ ಕೋಳಿ ಬೇಯಿಸಿದ ನೀರನ್ನು ಊಟದ ಮೇಲೆ ಎರಡು ಚಮಚ ಹಾಕಿದರೆ ಎಷ್ಟೋ ಬೆಕ್ಕುಗಳು ನೆಕ್ಕಲು ಶುರುಮಾಡುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಅದರಲ್ಲಿ ಬಿದ್ದಿರಬಾರದು. ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದ ಮೊಟ್ಟೆಯ ಬಿಳಿಭಾಗದಲ್ಲಿ ರಂಜಕ ಕಡಿಮೆ, ಸ್ವಲ್ಪ ಕೊಡಬಹುದು. ಹಳದಿಯಲ್ಲಿ ರಂಜಕ ಹೆಚ್ಚು.

ನಮ್ಮ ಮನೆಗಳ ಎರಡು ಅಭ್ಯಾಸಗಳ ಬಗ್ಗೆ ಹೇಳಲೇಬೇಕು. ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕಿಗೆ ಹಾಲು-ಅನ್ನ. ಬೆಕ್ಕು ಮಾಂಸಾಹಾರಿ, ಅದಕ್ಕೆ ಬೇಕಾದ ಟಾರಿನ್ ಅನ್ನದಲ್ಲಿಲ್ಲ, ಹಾಲಿನಲ್ಲಿ ರಂಜಕವಿದೆ, ದೊಡ್ಡ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದೂ ಕಷ್ಟ. ಕರಾವಳಿಯವರ ಮನೆಗಳಲ್ಲಿ ಒಣಮೀನು. ಘಣಸೋಲಿ ಗಾಂವ್‌ನ ಮೀನು ಮಾರುಕಟ್ಟೆ ಹತ್ತಿರವೇ ಇರುವಾಗ ಒಣ ಬೊಂಬಿಲ್ ಮನೆಗೆ ಬರದೇ ಇರುತ್ತದೆಯೇ? ಅದರ ವಾಸನೆಗೆ ಸಾಯುವ ಬೆಕ್ಕೂ ಎದ್ದು ಕೂರುತ್ತದೆ, ನಿಜ. ಆದರೆ ಅದರಲ್ಲಿ ಉಪ್ಪು, ಮುಳ್ಳಿನ ಜೊತೆ ರಂಜಕ ಎರಡೂ ಇವೆ. ಹಸಿ ಬಂಗುಡೆಯನ್ನು ಉಪ್ಪಿಲ್ಲದೆ ಬೇಯಿಸಿ, ಮುಳ್ಳು ತೆಗೆದು, ರುಚಿಗೆಂದು ಚೂರು ಬೆರೆಸುವುದು ವಾಸಿ.

ಕಿಡ್ನಿ ಆಹಾರ ಯಾವಾಗ ಶುರು ಮಾಡಬೇಕು?

ರಾಯಲ್ ಕ್ಯಾನಿನ್, ಹಿಲ್ಸ್, ಫಾರ್ಮಿನಾ ಕಂಪನಿಗಳ ‘ರೀನಲ್’ ಆಹಾರಗಳಲ್ಲಿ ರಂಜಕ ಕಡಿಮೆ, ಪ್ರೋಟೀನ್ ಮಿತವಾಗಿರುತ್ತದೆ. ಇವು ಆಯುಸ್ಸು ಹೆಚ್ಚಿಸುತ್ತವೆ ಎಂಬುದಕ್ಕೆ ಆಧಾರವಿದೆ. ತೊಂದರೆ ಇರುವುದು ಕೊಡುವ ಹೊತ್ತಿನಲ್ಲಿ. ಬೆಕ್ಕು ವಾಂತಿ ಮಾಡುತ್ತಿರುವಾಗ, ಆಸ್ಪತ್ರೆಯ ಪಂಜರದಲ್ಲಿರುವಾಗ ಹೊಸ ಆಹಾರ ಇಟ್ಟರೆ ಆ ಸಂಕಟಕ್ಕೂ ಆ ವಾಸನೆಗೂ ನಂಟು ಕಟ್ಟಿಕೊಂಡು ಮುಂದೆಂದೂ ಮುಟ್ಟುವುದಿಲ್ಲ. ಚೇತರಿಸಿಕೊಂಡ ಮೇಲೆ, ಹಳೆಯದರ ಜೊತೆ ಚೂರುಚೂರೇ ಬೆರೆಸುತ್ತಾ ಮೂರ್ನಾಲ್ಕು ವಾರ ತೆಗೆದುಕೊಳ್ಳಿ. ಎಷ್ಟು ಮಾಡಿದರೂ ಒಪ್ಪದಿದ್ದರೆ? ರೀನಲ್ ಆಹಾರದ ಮುಂದೆ ಹಸಿದು ಕೂರುವ ಬೆಕ್ಕಿಗಿಂತ ಮಾಮೂಲಿ ಊಟ ತಿನ್ನುವ ಬೆಕ್ಕೇ ಹೆಚ್ಚು ದಿನ ಬದುಕುತ್ತದೆ. 4 ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು ಎಂಬುದನ್ನು ಅಂದಾಜಿಗೆ ಇಟ್ಟುಕೊಳ್ಳಿ.

ಮಾತ್ರೆಯನ್ನು ದಿನದ ಊಟದಲ್ಲಿ ಬಚ್ಚಿಡಬೇಡಿ. ಒಮ್ಮೆ ಕಹಿ ಸಿಕ್ಕರೆ ಬೆಕ್ಕು ಆ ಊಟವನ್ನೇ ಅನುಮಾನಿಸುತ್ತದೆ. ಸಿರಿಂಜಿನಲ್ಲಿ ಬಾಯಿಗೆ ತುರುಕುವುದೂ ಬೇಡ, ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಾಯಿಲೆ.

ಔಷಧದಲ್ಲಿ ಏನಿದೆ?

ವಾಕರಿಕೆಗೆ ಮ್ಯಾರೊಪಿಟೆಂಟ್, ಒಂಡಾನ್ಸೆಟ್ರಾನ್ ಕೊಡುತ್ತಾರೆ. ಮ್ಯಾರೊಪಿಟೆಂಟ್ ವಾಂತಿ ತಗ್ಗಿಸಿದರೂ ಹಸಿವನ್ನು ಅಷ್ಟಾಗಿ ಹೆಚ್ಚಿಸುವುದಿಲ್ಲ. ಹಸಿವಿಗೆ ಮಿರ್ಟಾಜಪೀನ್ ಇದೆ. ಮನುಷ್ಯರ ಖಿನ್ನತೆಗೆ ಕೊಡುವ ಔಷಧವಿದು; ಬೆಕ್ಕಿನ ಕಿವಿಗೆ ಹಚ್ಚುವ ಮುಲಾಮಾಗಿ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಪಡೆಯಿತು. ಕಿಡ್ನಿ ಕೆಟ್ಟ ಬೆಕ್ಕಿನ ದೇಹದಿಂದ ಇದು ನಿಧಾನವಾಗಿ ಹೋಗುವುದರಿಂದ ಪ್ರಮಾಣ, ಅಂತರ ಎರಡನ್ನೂ ವೈದ್ಯರೇ ಹೇಳಬೇಕು. ಹೆಚ್ಚಾದರೆ ಬೆಕ್ಕು ಕೂಗುತ್ತಾ, ನಡುಗುತ್ತಾ ಮನೆಯೆಲ್ಲಾ ಸುತ್ತುತ್ತದೆ. ಜ್ವರವೆಂದು ಪ್ಯಾರಾಸಿಟಮಾಲ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ, ಬೆಕ್ಕಿಗೆ ಅದು ವಿಷ. ಹೂಗುಚ್ಛದ ಲಿಲ್ಲಿಯೂ ಅಷ್ಟೇ, ನೇರ ಕಿಡ್ನಿಗೇ ಹೊಡೆತ.

ಚರ್ಮದ ಕೆಳಗೆ ಡ್ರಿಪ್ ಕೊಡುವುದನ್ನು ಅನೇಕ ವೈದ್ಯರು ಮನೆಯವರಿಗೇ ಕಲಿಸುತ್ತಾರೆ. ನೀರಿನಂಶ ಸರಿಹೋದ ದಿನ ಬೆಕ್ಕು ತಾನಾಗಿ ತಟ್ಟೆಯತ್ತ ಬರುವುದುಂಟು. ಇದ್ಯಾವುದೂ ಫಲ ಕೊಡದಿದ್ದಾಗ ಕುತ್ತಿಗೆಯ ಬದಿಯಿಂದ ಅನ್ನನಾಳಕ್ಕೆ ಕೊಳವೆ ಹಾಕುತ್ತಾರೆ. ಹೆಸರು ಕೇಳಿದರೆ ಭಯವಾಗುತ್ತದೆ, ಆದರೆ ಬಲವಂತದ ಊಟಕ್ಕಿಂತ ಇದರಲ್ಲಿ ಬೆಕ್ಕಿಗೆ ಸಂಕಟ ಕಡಿಮೆ. ಕೊನೆಯ ಹಂತದಲ್ಲಿ ಎಲ್ಲಿಯವರೆಗೆ ಮುಂದುವರಿಸಬೇಕು ಎಂಬುದನ್ನೂ ವೈದ್ಯರ ಬಳಿ ಮುಚ್ಚಿಡದೆ ಕೇಳಿ.

ಘಣಸೋಲಿಯಿಂದ ಎಲ್ಲಿಗೆ?

ಮೊದಲು ಹತ್ತಿರದ ಕ್ಲಿನಿಕ್. ಹೆಚ್ಚಿನ ತಪಾಸಣೆ ಬೇಕೆಂದರೆ ಮುಂಬೈಯ ಪರೇಲ್‌ನಲ್ಲಿ 1886ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜು ಮತ್ತು ಅದೇ ಆವರಣದ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ ಇವೆ. ಟ್ರಾನ್ಸ್ ಹಾರ್ಬರ್ ರೈಲಿನಲ್ಲಿ ಠಾಣೆಗೆ ಹೋಗಿ, ಅಲ್ಲಿಂದ ಸೆಂಟ್ರಲ್ ಲೈನಿನ ಸ್ಲೋ ಲೋಕಲ್ ಹಿಡಿಯಬೇಕು. ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ನ ಸಾಕುಪ್ರಾಣಿಗಳ ಆಸ್ಪತ್ರೆ 2024ರಲ್ಲಿ ತೆರೆದಿದೆ. ಫೋನ್ ಮಾಡಿ ಸಮಯ ಕೇಳಿಕೊಂಡು ಹೊರಡಿ.

ಅಲ್ಲಿ ‘ಖಾತ್ ನಾಹಿ’ ಎಂದಷ್ಟೇ ಹೇಳಿದರೆ ಸಾಲದು. ಕೊನೆಗೆ ತಿಂದದ್ದು ಯಾವಾಗ, ಎಷ್ಟು ಚಮಚ, ವಾಂತಿ ಎಷ್ಟು ಸಲ, ಮಲ ಹೋಗಿ ಎಷ್ಟು ದಿನವಾಯಿತು ಎಂಬುದನ್ನು ಬರೆದುಕೊಂಡು ಹೋಗಿ. ಬಟ್ಟಲಿನ ಮುಂದೆ ಬೆಕ್ಕು ಹೇಗೆ ವರ್ತಿಸುತ್ತದೆ ಎಂಬ ವಿಡಿಯೋ ಮೊಬೈಲ್‌ನಲ್ಲಿದ್ದರೆ ಇನ್ನೂ ಒಳ್ಳೆಯದು. ಕ್ರಿಯಾಟಿನಿನ್, ಎಸ್‌ಡಿಎಂಎ, ರಂಜಕ, ಪೊಟ್ಯಾಶಿಯಂ, ಹಿಮೋಗ್ಲೋಬಿನ್ ಇರುವ ಹಳೆಯ ರಿಪೋರ್ಟುಗಳನ್ನೂ ಜೊತೆಗಿಟ್ಟುಕೊಳ್ಳಿ. ರಕ್ತದೊತ್ತಡ ನೋಡಿಸಿಲ್ಲದಿದ್ದರೆ ನೋಡಲು ಕೇಳಿ. ಮೇ ತಿಂಗಳಲ್ಲಿ ಊರಿಗೆ ಹೊರಡುವವರು ಪಕ್ಕದ ಮನೆಯವರಿಗೆ ಕೀ ಕೊಡುವಾಗ ಇದೇ ಚೀಟಿಯ ಒಂದು ಪ್ರತಿ, ವೈದ್ಯರ ನಂಬರ್ ಸಹಿತ, ಫ್ರಿಜ್ ಬಾಗಿಲಿಗೆ ಅಂಟಿಸಿ ಹೋಗಿ.