ಕಮ್ಯುನಿಟಿ ಶೀಲ್ಡ್ ಗೆದ್ದ ತಂಡವೇ ಲೀಗನ್ನೂ ಗೆಲ್ಲುತ್ತದೆಯೇ?

ಆಗಸ್ಟ್ ಬಂತೆಂದರೆ ಇಂಗ್ಲೆಂಡಿನ ಫುಟ್‌ಬಾಲ್ ಪ್ರಿಯರ ನಡುವೆ ಹಳೆಯ ವಾದವೊಂದು ಮತ್ತೆ ಶುರುವಾಗುತ್ತದೆ. ಲೀಗ್ ಆರಂಭವಾಗುವ ಮೊದಲು ನಡೆಯುವ ‘ಕಮ್ಯುನಿಟಿ ಶೀಲ್ಡ್’ ಪಂದ್ಯವನ್ನು ಗೆದ್ದವರೇ ಆ ವರ್ಷದ ಚಾಂಪಿಯನ್ ಎಂದು ಕೆಲವರು ಹೇಳುತ್ತಾರೆ. ಅದನ್ನು ಗೆದ್ದರೆ ಲೀಗ್ ಕೈತಪ್ಪುತ್ತದೆ, ಅದೊಂದು ಶಾಪ ಎಂದು ಇನ್ನು ಕೆಲವರು ಹೇಳುತ್ತಾರೆ. ಅದು ಬರೀ ಸೌಹಾರ್ದ ಪಂದ್ಯ, ಲೆಕ್ಕಕ್ಕೇ ಇಲ್ಲ ಎನ್ನುವವರೂ ಇದ್ದಾರೆ. ಪ್ರೀಮಿಯರ್ ಲೀಗ್ ನೋಡುವ ಕನ್ನಡಿಗರೂ ಈಗ ಸಾಕಷ್ಟು ಜನ ಇರುವುದರಿಂದ, ಈ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಏನಿದು ಪಂದ್ಯ?

ಇಂಗ್ಲೆಂಡಿನಲ್ಲಿ ಎರಡು ದೊಡ್ಡ ಸ್ಪರ್ಧೆಗಳಿವೆ. ಒಂದು ಲೀಗ್: 20 ತಂಡಗಳು, ಪ್ರತಿ ತಂಡಕ್ಕೂ 38 ಪಂದ್ಯ, ಹೆಚ್ಚು ಅಂಕ ಗಳಿಸಿದವರು ಚಾಂಪಿಯನ್. ಇನ್ನೊಂದು ಎಫ್‌ಎ ಕಪ್: ಸೋತವರು ಅಲ್ಲೇ ಹೊರಗೆ, ಕೊನೆಗೆ ಉಳಿದವರಿಗೆ ಕಪ್. ಹಿಂದಿನ ವರ್ಷದ ಲೀಗ್ ಚಾಂಪಿಯನ್ ಮತ್ತು ಕಪ್ ವಿಜೇತರು ಹೊಸ ಋತುವಿನ ಬಾಗಿಲಲ್ಲಿ ಒಮ್ಮೆ ಎದುರಾಗುವುದೇ ಕಮ್ಯುನಿಟಿ ಶೀಲ್ಡ್. ಎರಡನ್ನೂ ಒಂದೇ ತಂಡ ಗೆದ್ದಿದ್ದರೆ, ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆದವರಿಗೆ ಅವಕಾಶ ಸಿಗುತ್ತದೆ. ಸಾಮಾನ್ಯವಾಗಿ ಪಂದ್ಯ ನಡೆಯುವುದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ.

ಹುಟ್ಟಿದ್ದು ಹೇಗೆ?

ಇದರ ಮೂಲ 1898ರಲ್ಲಿ ಶುರುವಾದ ‘ಶೆರಿಫ್ ಆಫ್ ಲಂಡನ್ ಚಾರಿಟಿ ಶೀಲ್ಡ್’. ಹವ್ಯಾಸಿ ಆಟಗಾರರ ತಂಡಕ್ಕೂ ವೃತ್ತಿಪರರ ತಂಡಕ್ಕೂ ಪಂದ್ಯ ನಡೆಸಿ, ಬಂದ ಹಣವನ್ನು ದಾನ ಮಾಡುವುದು ಅದರ ಉದ್ದೇಶವಾಗಿತ್ತು. 1908ರಲ್ಲಿ ಅದರ ಜಾಗಕ್ಕೆ ಎಫ್‌ಎ ಚಾರಿಟಿ ಶೀಲ್ಡ್ ಬಂತು. ಮೊದಲ ಪಂದ್ಯದಲ್ಲಿ ಫುಟ್‌ಬಾಲ್ ಲೀಗ್ ಚಾಂಪಿಯನ್ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಸದರ್ನ್ ಲೀಗ್ ಚಾಂಪಿಯನ್ ಕ್ವೀನ್ಸ್ ಪಾರ್ಕ್ ರೇಂಜರ್ಸ್ 1-1 ಸಮ ಮಾಡಿಕೊಂಡವು. ಮರುಪಂದ್ಯವನ್ನು ಯುನೈಟೆಡ್ 4-0ಯಿಂದ ಗೆದ್ದಿತು.

ಲೀಗ್ ಚಾಂಪಿಯನ್ ಮತ್ತು ಕಪ್ ವಿಜೇತರು ಮೊದಲು ಎದುರಾದದ್ದು 1921ರಲ್ಲಿ. ಟಾಟನ್‌ಹ್ಯಾಮ್ ಅಂದು ಬರ್ನ್‌ಲಿಯನ್ನು 2-0ಯಿಂದ ಸೋಲಿಸಿತು. ಈ ಕ್ರಮ ಒಂದು ಮಟ್ಟಿಗೆ ನೆಲೆಯಾದದ್ದು 1930ರ ನಂತರ. ಆಮೇಲೂ ಅಡ್ಡದಾರಿಗಳಿದ್ದವು. 1971ರಲ್ಲಿ ಎರಡೂ ಪ್ರಶಸ್ತಿ ಗೆದ್ದಿದ್ದ ಆರ್ಸೆನಲ್‌ಗೆ ಬೇರೆ ಪಂದ್ಯಗಳಿದ್ದ ಕಾರಣ ಬರಲಾಗಲಿಲ್ಲ. ಬದಲಿಗೆ ಬಂದ ಎರಡನೇ ದರ್ಜೆಯ ಚಾಂಪಿಯನ್ ಲೆಸ್ಟರ್ ಸಿಟಿ, ಲಿವರ್‌ಪೂಲನ್ನು ಸೋಲಿಸಿ ಶೀಲ್ಡ್ ಮನೆಗೆ ಒಯ್ದಿತು!

ನಂಬಿಕೆ 1: ಶೀಲ್ಡ್ ಗೆದ್ದವರೇ ಲೀಗ್ ಗೆಲ್ಲುತ್ತಾರೆ

ಈ ನಂಬಿಕೆ ಗಾಳಿಯಿಂದ ಹುಟ್ಟಿದ್ದಲ್ಲ. 2007, 2008, 2009 ಮತ್ತು 2010, ಈ ನಾಲ್ಕೂ ವರ್ಷ ಶೀಲ್ಡ್ ಗೆದ್ದ ತಂಡವೇ ಮುಂದಿನ ಮೇ ತಿಂಗಳಲ್ಲಿ ಲೀಗ್ ಚಾಂಪಿಯನ್ ಆಯಿತು. ಮೂರು ಸಲ ಮ್ಯಾಂಚೆಸ್ಟರ್ ಯುನೈಟೆಡ್, ಒಂದು ಸಲ ಚೆಲ್ಸಿ. ಸತತ ನಾಲ್ಕು ಸಲ ಹೀಗಾದರೆ ಯಾರಿಗಾದರೂ ಇದೊಂದು ನಿಯಮ ಅನ್ನಿಸುವುದು ಸಹಜ.

ಆದರೆ ಮುಂದೇನಾಯಿತು ನೋಡಿ. 2011ರಿಂದ 2024ರವರೆಗಿನ 14 ಶೀಲ್ಡ್ ವಿಜೇತರಲ್ಲಿ ಲೀಗನ್ನೂ ಗೆದ್ದದ್ದು ಒಂದೇ ತಂಡ, 2018ರ ಮ್ಯಾಂಚೆಸ್ಟರ್ ಸಿಟಿ. 2013ರಲ್ಲಿ ಶೀಲ್ಡ್ ಗೆದ್ದ ಯುನೈಟೆಡ್ ಲೀಗ್‌ನಲ್ಲಿ 7ನೇ ಸ್ಥಾನಕ್ಕೆ ಕುಸಿಯಿತು. 2020ರಲ್ಲಿ ಗೆದ್ದ ಆರ್ಸೆನಲ್ ಮತ್ತು 2021ರಲ್ಲಿ ಗೆದ್ದ ಲೆಸ್ಟರ್ ಎರಡೂ 8ನೇ ಸ್ಥಾನದಲ್ಲಿ ನಿಂತವು.

ನಂಬಿಕೆ 2: ಹಾಗಾದರೆ ಶೀಲ್ಡ್ ಒಂದು ಶಾಪ

ಮೇಲಿನ ಪಟ್ಟಿ ನೋಡಿದವರು ಈಗ ಇನ್ನೊಂದು ಬದಿಗೆ ವಾಲುತ್ತಾರೆ. ಅದೂ ತಪ್ಪು. 2007ರಿಂದ 2024ರವರೆಗಿನ 18 ವರ್ಷಗಳನ್ನು ಒಟ್ಟಿಗೆ ಎಣಿಸೋಣ. ಶೀಲ್ಡ್ ಗೆದ್ದ ತಂಡ ಲೀಗ್ ಗೆದ್ದದ್ದು 5 ಸಲ. ಶೀಲ್ಡ್ ಸೋತ ತಂಡ ಲೀಗ್ ಗೆದ್ದದ್ದು (2011, 2019, 2021, 2022, 2023) ಅದೂ 5 ಸಲ. ಉಳಿದ 8 ಸಲ ಮೂರನೇ ತಂಡವೊಂದು ಲೀಗ್ ಗೆದ್ದಿತು. ಅಂದರೆ, ಗೆದ್ದವರಿಗೂ ಸೋತವರಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಇದಕ್ಕೆ ಕಾರಣ ಸರಳ. ಶೀಲ್ಡ್ ಆಡುವ ಎರಡೂ ತಂಡಗಳು ಮೊದಲೇ ಬಲಿಷ್ಠ. ಹಾಗಾಗಿ ಅವುಗಳಲ್ಲಿ ಒಂದು ಲೀಗ್ ಗೆಲ್ಲುವ ಸಾಧ್ಯತೆ ಹೇಗೂ ಹೆಚ್ಚು. ಆ ಬಲ ಶೀಲ್ಡ್‌ನಿಂದ ಬಂದದ್ದಲ್ಲ. ಇನ್ನು 90 ನಿಮಿಷದ ಒಂದು ಆಟದಲ್ಲಿ ಅದೃಷ್ಟದ ಪಾಲು ದೊಡ್ಡದು, 38 ಪಂದ್ಯಗಳಲ್ಲಿ ಅದು ಸವೆದುಹೋಗುತ್ತದೆ. ನಾಣ್ಯವನ್ನು ನಾಲ್ಕು ಸಲ ಚಿಮ್ಮಿದರೆ ನಾಲ್ಕೂ ಸಲ ತಲೆ ಬೀಳುವ ಸಾಧ್ಯತೆ 16ರಲ್ಲಿ ಒಂದು. ಅಪರೂಪವೇನಲ್ಲ. ಆದರೆ ನಮ್ಮ ಮೆದುಳು ಸಾಲಾಗಿ ಬಂದದ್ದನ್ನು ನೆನಪಿಟ್ಟುಕೊಂಡು, ಉಳಿದದ್ದನ್ನು ಮರೆತುಬಿಡುತ್ತದೆ. ಬೆಕ್ಕು ಅಡ್ಡ ಬಂದ ದಿನದ ಕೆಡುಕಷ್ಟೇ ನೆನಪಿರುವುದೂ ಹೀಗೆಯೇ.

ನಂಬಿಕೆ 3: ಇದು ಬರೀ ಸೌಹಾರ್ದ ಪಂದ್ಯ

ತರಬೇತುದಾರರು ಇಲ್ಲಿ ಹೊಸ ಆಟಗಾರರನ್ನು ಪರೀಕ್ಷಿಸುವುದು ನಿಜ. ಆದರೆ ಆಟ ಸೌಹಾರ್ದವಾಗಿಯೇ ಇರುತ್ತದೆ ಎನ್ನಲಾಗದು. 1974ರಲ್ಲಿ ವೆಂಬ್ಲಿಯಲ್ಲಿ ನಡೆದ ಪಂದ್ಯದಲ್ಲಿ ಲೀಡ್ಸ್‌ನ ಬಿಲ್ಲಿ ಬ್ರೆಮ್ನರ್ ಮತ್ತು ಲಿವರ್‌ಪೂಲ್‌ನ ಕೆವಿನ್ ಕೀಗನ್ ಕೈಕೈ ಮಿಲಾಯಿಸಿ ಇಬ್ಬರೂ ಹೊರಹಾಕಲ್ಪಟ್ಟರು. ಹೋಗುವಾಗ ಜೆರ್ಸಿ ಕಿತ್ತು ಎಸೆದರು. ಅವರಿಗೆ ದಂಡದ ಜೊತೆಗೆ ದೀರ್ಘ ನಿಷೇಧವೂ ಬಿತ್ತು. ಪಂದ್ಯ 1-1 ಆಗಿ, ಲಿವರ್‌ಪೂಲ್ ಪೆನಾಲ್ಟಿಗಳಲ್ಲಿ 6-5ರಿಂದ ಗೆದ್ದಿತು.

ಹೊಸ ನಿಯಮಗಳಿಗೂ ಇದೊಂದು ಪ್ರಯೋಗಶಾಲೆ. ಚೆಂಡು ಗೆರೆ ದಾಟಿತೇ ಎಂದು ಹೇಳುವ ಗೋಲ್‌ಲೈನ್ ತಂತ್ರಜ್ಞಾನ 2013ರಲ್ಲಿ ಇಲ್ಲಿ ಬಳಕೆಯಾಯಿತು. 2017ರಲ್ಲಿ ಪೆನಾಲ್ಟಿ ಹೊಡೆಯುವ ಕ್ರಮವನ್ನೇ ಬದಲಿಸಲಾಯಿತು. ಮಾಮೂಲಾಗಿ ತಂಡಗಳು ಒಂದಾದ ಮೇಲೆ ಒಂದರಂತೆ ಹೊಡೆಯುತ್ತವೆ. ಅಂದು ಮೊದಲ ತಂಡ ಒಮ್ಮೆ, ಎರಡನೆಯದು ಸತತ ಎರಡು, ಮತ್ತೆ ಮೊದಲನೆಯದು ಎರಡು, ಹೀಗೆ ಟೆನಿಸ್ ಟೈಬ್ರೇಕರ್ ಮಾದರಿಯಲ್ಲಿ ಹೊಡೆದವು. ಕಾರಣ, ಮೊದಲು ಹೊಡೆಯುವ ತಂಡ ನೂರಕ್ಕೆ ಸುಮಾರು 60 ಸಲ ಗೆಲ್ಲುತ್ತದೆ ಎಂದು 2010ರ ಅಧ್ಯಯನವೊಂದು ಹೇಳಿತ್ತು. 2012ರಲ್ಲಿ ಇನ್ನೂ ಹೆಚ್ಚು ಶೂಟೌಟ್‌ಗಳನ್ನು ಎಣಿಸಿದ ಬೇರೆ ಸಂಶೋಧಕರಿಗೆ ಅಂಥ ಗಟ್ಟಿ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಆ ಪ್ರಯೋಗವನ್ನು ಕೈಬಿಡಲಾಯಿತು. ಸಣ್ಣ ಲೆಕ್ಕದಿಂದ ದೊಡ್ಡ ತೀರ್ಮಾನಕ್ಕೆ ಬರಬಾರದು ಎಂಬ ಪಾಠ ಇಲ್ಲೂ ಇದೆ.

ನಂಬಿಕೆ 4: ಹೆಸರಲ್ಲಿ ‘ಚಾರಿಟಿ’ ಇದ್ದರೆ ಹಣ ದಾನಕ್ಕೇ ಹೋಗುತ್ತದೆ

ನಮ್ಮ ಪ್ರಕಾರ ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಟಿಕೆಟ್ ಕೊಂಡವರು ತಮ್ಮ ಹಣ ಒಳ್ಳೆಯ ಕೆಲಸಕ್ಕೆ ಹೋಗುತ್ತದೆ ಎಂದು ನಂಬಿದ್ದರು. 1912ರ ಪಂದ್ಯದ ಹಣ ಟೈಟಾನಿಕ್ ದುರಂತದ ಪರಿಹಾರ ನಿಧಿಗೆ ಹೋದಂಥ ಉದಾಹರಣೆಗಳೂ ಇದ್ದವು. ಆದರೆ ಇಂಗ್ಲೆಂಡಿನಲ್ಲಿ ದತ್ತಿ ಸಂಸ್ಥೆಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನ್ ವಿಚಾರಿಸಿದಾಗ ಎರಡು ದೋಷಗಳು ಕಂಡವು. ಟಿಕೆಟ್ ಹಣದಲ್ಲಿ ಎಷ್ಟು ಪಾಲು ದಾನಕ್ಕೆ ಎಂದು ಫುಟ್‌ಬಾಲ್ ಅಸೋಸಿಯೇಷನ್ ಸ್ಪಷ್ಟವಾಗಿ ತಿಳಿಸಿರಲಿಲ್ಲ. ಜೊತೆಗೆ ಸಂಸ್ಥೆಗಳಿಗೆ ಹಣ ಕೊಡುವುದರಲ್ಲಿ ತಡವಾಗಿತ್ತು. ಇದರ ಬೆನ್ನಿಗೇ 2002ರಲ್ಲಿ ‘ಚಾರಿಟಿ ಶೀಲ್ಡ್’ ಹೆಸರು ‘ಕಮ್ಯುನಿಟಿ ಶೀಲ್ಡ್’ ಎಂದಾಯಿತು.

ದಾನ ನಿಂತಿಲ್ಲ. ಪಂದ್ಯದಿಂದ ಬಂದ ಹಣವನ್ನು ಎಫ್‌ಎ ಕಪ್‌ನ ಮೊದಲ ಸುತ್ತಿನಿಂದ ಮುಂದಕ್ಕೆ ಆಡಿದ 124 ಕ್ಲಬ್‌ಗಳಿಗೆ ಹಂಚಲಾಗುತ್ತದೆ. ಅವು ತಮ್ಮ ಊರಿನ ಸೇವಾ ಕೆಲಸಗಳಿಗೆ ಕೊಡುತ್ತವೆ. ಉಳಿದದ್ದು ಅಸೋಸಿಯೇಷನ್ ಜೊತೆಗಿರುವ ದತ್ತಿ ಸಂಸ್ಥೆಗಳಿಗೆ. ಸಹಾಯಾರ್ಥ ಪ್ರದರ್ಶನಕ್ಕೆ ಟಿಕೆಟ್ ಕೊಳ್ಳುವಾಗ ನಾವೂ ಕೇಳಬೇಕಾದದ್ದು ಇದನ್ನೇ: ಎಷ್ಟು ಪಾಲು, ಯಾರಿಗೆ, ಯಾವಾಗ?

ನಮ್ಮಲ್ಲಿ ಇಂಥ ಪಂದ್ಯ ಇದೆಯೇ?

ಸ್ಪೇನ್, ಇಟಲಿ, ಜರ್ಮನಿ, ಫ್ರಾನ್ಸ್‌ಗಳಲ್ಲಿ ‘ಸೂಪರ್ ಕಪ್’ನಂಥ ಹೆಸರುಗಳಲ್ಲಿ ಇದೇ ಬಗೆಯ ಸ್ಪರ್ಧೆಗಳಿವೆ. ಭಾರತದಲ್ಲೂ 1997ರಿಂದ ಕೆಲಕಾಲ ರಾಷ್ಟ್ರೀಯ ಲೀಗ್ ಚಾಂಪಿಯನ್ ಮತ್ತು ಫೆಡರೇಷನ್ ಕಪ್ ವಿಜೇತರ ನಡುವೆ ಸೂಪರ್ ಕಪ್ ನಡೆಯುತ್ತಿತ್ತು. 2018ರಲ್ಲಿ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು 4-1ರಿಂದ ಸೋಲಿಸಿ ಬೆಂಗಳೂರು ಎಫ್‌ಸಿ ಗೆದ್ದ ಸೂಪರ್ ಕಪ್ ಬೇರೆ. ಹೆಸರು ಒಂದೇ ಆದರೂ ಅದು ಹಲವು ತಂಡಗಳ ನಾಕೌಟ್ ಟೂರ್ನಿ.

ಕೊನೆಯದಾಗಿ

2025ರ ಶೀಲ್ಡ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ 2-2 ಸಮಬಲದ ಬಳಿಕ ಲಿವರ್‌ಪೂಲನ್ನು ಪೆನಾಲ್ಟಿಗಳಲ್ಲಿ ಮಣಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಎಫ್‌ಎ ಕಪ್ ಗೆದ್ದು ಮೊದಲ ದೊಡ್ಡ ಪ್ರಶಸ್ತಿ ಕಂಡಿದ್ದ ಆ ತಂಡದ ಅಭಿಮಾನಿಗಳಿಗೆ ಅದು ಮುಂದಿನ ಲೀಗ್‌ನ ಮುನ್ಸೂಚನೆಯಾಗಿ ಬೇಕಿರಲಿಲ್ಲ. ಅಂದಿನ ಗೆಲುವೇ ಸಾಕಿತ್ತು. ಶೀಲ್ಡ್ ಶಕುನವೂ ಅಲ್ಲ, ಶಾಪವೂ ಅಲ್ಲ. ಅದೊಂದು ಒಳ್ಳೆಯ ಪಂದ್ಯ. ಮುಂದಿನ ಆಗಸ್ಟ್‌ನಲ್ಲಿ ಯಾರಾದರೂ ಭವಿಷ್ಯ ಹೇಳಲು ಬಂದರೆ, 18 ವರ್ಷಗಳ ಈ 5-5ರ ಲೆಕ್ಕವನ್ನು ಅವರ ಮುಂದಿಡಿ.