ಹಳೇ ಸಿನಿಮಾ ಡಿಸ್ಕಿನಲ್ಲಿ ಬಣ್ಣ ಕೆಡುವುದೇಕೆ?

ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರು ಕಡೆಯ ಮನೆಗಳಲ್ಲಿ ಟಿವಿ ಕೆಳಗಿನ ಕಪಾಟು ತೆರೆದರೆ ಈಗಲೂ ನಾಲ್ಕಾರು ಡಿಸ್ಕು ಸಿಗಬಹುದು. ಒಂದು ರಾಜ್‌ಕುಮಾರ್ ಚಿತ್ರ, ಒಂದು ಶಿವಾಜಿಯದು, ಒಂದು ಎನ್‌ಟಿಆರ್ ಅವರದು. ಮೂರು ಭಾಷೆಯ ಗಡಿಸೀಮೆ ಅಂದಮೇಲೆ ಹಾಗೇ. ಹಾಕಿ ನೋಡಿದರೆ ಮಾತ್ರ ಒಂದೇ ದೂರು: ಆಕಾಶದಲ್ಲಿ ನೀಲಿಯಿಲ್ಲ, ಮುಖವೆಲ್ಲ ಕೆಂಪು, ಯಾರಾದರೂ ಓಡಿದರೆ ಚಿತ್ರವೆಲ್ಲ ಚೌಕ ಚೌಕ. "ಹಳೇ ಪಿಕ್ಚರ್, ಹಾಗೇ ಇರುತ್ತೆ" ಎನ್ನುವುದು ಅರ್ಧ ಮಾತ್ರ ನಿಜ. ಬಿಡುಗಡೆಯಾದ ದಿನ ಆ ಚಿತ್ರ ಹಾಗಿರಲಿಲ್ಲ.

ಕೆಂಪು ಬಂದದ್ದು ಎಲ್ಲಿಂದ?

ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಬಿ.ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ', 1964ರದು. ಅಂದಿನ ಬಣ್ಣದ ಫಿಲಂನಲ್ಲಿ ಹಳದಿ, ಮೆಜೆಂಟಾ, ಸಯಾನ್ ಎಂಬ ಮೂರು ಬಣ್ಣಗಳ ಪದರಗಳು ಒಂದರ ಮೇಲೊಂದು ಇರುತ್ತಿದ್ದವು. ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ಸಯಾನ್, ಅಂದರೆ ನೀಲಿ-ಹಸಿರಿನ ಪದರವೇ ಮೊದಲು ಸೊರಗುತ್ತದೆ. ಅದು ಹೋದಮೇಲೆ ಉಳಿಯುವುದು ಕೆಂಪು ಛಾಯೆ. ಪ್ರಿಂಟನ್ನು ಓಡಿಸಲೇಬೇಕೆಂದಿಲ್ಲ, ಡಬ್ಬಿಯಲ್ಲಿ ಕತ್ತಲಲ್ಲಿ ಇಟ್ಟರೂ ಸಾಕು. ಸೆಕೆ ಹೆಚ್ಚಿದಷ್ಟೂ ಬೇಗ. ಬಣ್ಣ ಬಾಳಿಕೆ ಬರುವ ಪ್ರಿಂಟ್ ಫಿಲಂ ಮಾರುಕಟ್ಟೆಗೆ ಬಂದದ್ದು 1980ರ ಆಸುಪಾಸಿನಲ್ಲಿ.

ಕಪ್ಪು-ಬಿಳುಪಿನ ಕತೆ ಬೇರೆ. ಅಲ್ಲಿ ಚಿತ್ರ ಮೂಡಿಸುವುದು ಬೆಳ್ಳಿ, ಬಣ್ಣವಲ್ಲ. ಹಾಗಾಗಿ 1954ರ 'ಬೇಡರ ಕಣ್ಣಪ್ಪ' ಕಾಲದ ಚಿತ್ರವೊಂದು 1975ರ ವರ್ಣಚಿತ್ರಕ್ಕಿಂತ ಚೆನ್ನಾಗಿ ಕಂಡರೆ ಆಶ್ಚರ್ಯಪಡಬೇಕಿಲ್ಲ. ಆದರೆ ಅಸಿಟೇಟ್ ಫಿಲಂ ಎರಡಕ್ಕೂ ಒಂದೇ. ಬಿಸಿ ಮತ್ತು ತೇವದಲ್ಲಿ ಅದು ಕೊಳೆತು ವಿನೆಗರ್‌ನಂಥ ಹುಳಿ ವಾಸನೆ ಬಿಡುತ್ತದೆ, ಕುಗ್ಗುತ್ತದೆ, ಸೊಟ್ಟಗಾಗುತ್ತದೆ.

ಟೇಪಿಗೆ ಇಳಿಸುವಾಗ

ಫಿಲಂನಿಂದ ವಿಡಿಯೋ ಮಾಡುವ ಯಂತ್ರಕ್ಕೆ ಟೆಲಿಸಿನಿ ಎಂದು ಹೆಸರು. ಅದಕ್ಕೆ ಮೂಲ ನೆಗೆಟಿವ್ ಹಾಕಿದರೆ ಫಲ ಒಂದು, ಊರೂರು ಟೆಂಟ್‌ಗಳಲ್ಲಿ ಓಡಿ ಗೀರುಬಿದ್ದ ಪ್ರಿಂಟ್ ಹಾಕಿದರೆ ಫಲ ಇನ್ನೊಂದು. ಮಾಸಿದ ಪ್ರಿಂಟನ್ನು ಬಣ್ಣ ತಿದ್ದದೆ ಇಳಿಸಿದರೆ ಅದರ ಕೆಂಪೇ ಡಿಸ್ಕಿನವರೆಗೂ ಬರುತ್ತದೆ. ತುಂಡಾಗಿ ಅಂಟಿಸಿದ ಜಾಗದಲ್ಲಿ ಮಾತು ಅರ್ಧಕ್ಕೇ ಹಾರುವುದೂ ಇದರಿಂದಲೇ.

ಇನ್ನೊಂದು ಸಣ್ಣ ಗುಟ್ಟು. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ನಮ್ಮ ಪಾಲ್ ಟಿವಿ ಪದ್ಧತಿ 25. ಅದಕ್ಕೆ ಚಿತ್ರವನ್ನು ಸ್ವಲ್ಪ ಬೇಗ ಓಡಿಸುವುದು ರೂಢಿ. ಮೂರು ಗಂಟೆಯ ಚಿತ್ರ ಒಂದೂ ದೃಶ್ಯ ಕತ್ತರಿಸದೆ ಏಳು ನಿಮಿಷ ಮೊದಲೇ ಮುಗಿಯುತ್ತದೆ, ಹಾಡಿನ ಶ್ರುತಿಯೂ ತುಸು ಏರುತ್ತದೆ. ಪಿ.ಬಿ. ಶ್ರೀನಿವಾಸ್ ದನಿ ಡಿಸ್ಕಿನಲ್ಲಿ ತೆಳುವಾಗಿ ಕೇಳಿತು ಅನ್ನುವವರ ಕಿವಿ ಸರಿಯಾಗಿಯೇ ಇರಬಹುದು.

28 ರೂಪಾಯಿಯ ಲೆಕ್ಕ

ವಿಸಿಡಿಯ ಚಿತ್ರ 352x288 ಚುಕ್ಕಿಗಳದ್ದು. ಒಂದು ಡಿಸ್ಕಿಗೆ 74ರಿಂದ 80 ನಿಮಿಷ, ಅದಕ್ಕೇ ಒಂದು ಚಿತ್ರಕ್ಕೆ ಎರಡು-ಮೂರು ಡಿಸ್ಕು. ಡಿವಿಡಿಯಲ್ಲಿ 720x576, ಅಂದರೆ ಸುಮಾರು ನಾಲ್ಕು ಪಟ್ಟು. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂ.ಗೆ, ಡಿವಿಡಿಯನ್ನು 34 ರೂ.ಗೆ ಮಾರತೊಡಗಿದಾಗ ಹಳೇ ಚಿತ್ರ ಹಳ್ಳಿ ಮನೆಗೂ ಬಂತು. ಅದು ದೊಡ್ಡ ಉಪಕಾರವೇ.

ಕೆಟ್ಟದ್ದು 'ಒಂದರಲ್ಲಿ ಮೂರು' ಡಿವಿಡಿಗಳಿಂದ. 4.7 ಜಿಬಿ ಡಿಸ್ಕಿಗೆ ಒಂಬತ್ತು ಗಂಟೆ ತುಂಬಿದರೆ ಸೆಕೆಂಡಿಗೆ ಸಿಗುವುದು ಸುಮಾರು 1.16 ಮೆಗಾಬಿಟ್, ಅದೂ ಶಬ್ದ ಸೇರಿ. ವಿಸಿಡಿಯಲ್ಲಿ ಚಿತ್ರವೊಂದಕ್ಕೇ 1.15 ಇರುತ್ತದೆ. ನಾಲ್ಕು ಪಟ್ಟು ಚುಕ್ಕಿಗಳಿಗೆ ಅದೇ ತುತ್ತು ಹಂಚಿದರೆ ಚೌಕಗಳು ಏಳದೆ ಇನ್ನೇನು? ಅಂಥದ್ದನ್ನೇ ಹಿಗ್ಗಿಸಿ 'ಎಚ್‌ಡಿ' ಎಂದು ಇಂಟರ್‌ನೆಟ್ಟಿಗೆ ಏರಿಸಿದರೆ ಚುಕ್ಕಿ ಹೆಚ್ಚುತ್ತದೆ, ವಿವರ ಹೆಚ್ಚುವುದಿಲ್ಲ.

ಬಣ್ಣ ಹಚ್ಚಿದವು

'ಮೊಘಲ್-ಎ-ಆಜಂ' 2004ರಲ್ಲಿ ಪೂರ್ತಿ ಬಣ್ಣದಲ್ಲಿ ಬಂದಮೇಲೆ ದಕ್ಷಿಣಕ್ಕೂ ಆ ಗಾಳಿ ಬೀಸಿತು. ಕನ್ನಡದ 'ಸತ್ಯ ಹರಿಶ್ಚಂದ್ರ' (1965) ಬಣ್ಣದಲ್ಲಿ ಬಂದದ್ದು 2008ರಲ್ಲಿ, ತೆಲುಗಿನ 'ಮಾಯಾಬಜಾರ್' 2010ರಲ್ಲಿ, 'ಕಸ್ತೂರಿ ನಿವಾಸ' (1971) 2014ರಲ್ಲಿ. ತಮಿಳೂ ಬಲ್ಲ ಇಲ್ಲಿನವರಿಗೆ ಕಸ್ತೂರಿ ನಿವಾಸದ ಕತೆ ಬಣ್ಣದಲ್ಲಿ ಹೊಸದಲ್ಲ. ಅದೇ ಕತೆಯ ಶಿವಾಜಿ ಚಿತ್ರ 'ಅವನ್‌ದಾನ್ ಮನಿದನ್' 1975ರಲ್ಲೇ ವರ್ಣದಲ್ಲಿತ್ತು.

ಬಣ್ಣ ಹಚ್ಚುವ ಮುನ್ನ ಪ್ರತಿ ಫ್ರೇಮನ್ನೂ ಸ್ಕ್ಯಾನ್ ಮಾಡಿ, ಗೀರು ತೆಗೆಯುತ್ತಾರೆ. ಚಿತ್ರಕ್ಕಾದ ನಿಜವಾದ ಲಾಭ ಆ ಶುಚಿಯೇ. ಬಣ್ಣ ಕಲಾವಿದನ ಊಹೆ, ಇಷ್ಟಪಡುವವರು ಇಷ್ಟಪಡಲಿ. ಬೆಳಕು-ನೆರಳನ್ನೇ ನಂಬಿ ಕೆಲಸ ಮಾಡಿದ ಛಾಯಾಗ್ರಾಹಕನನ್ನು ನೋಡಬೇಕಾದರೆ ಕಪ್ಪು-ಬಿಳುಪೂ ಸಿಗುವಂತಿರಬೇಕು.

ಚೌಕಟ್ಟಿನ ವಿಷಯವೂ ಉಂಟು. ಪುಟ್ಟಣ್ಣನವರ 'ನಾಗರಹಾವು' (1972) 2018ರಲ್ಲಿ ಸಿನಿಮಾಸ್ಕೋಪ್ ರೂಪದಲ್ಲಿ ಮತ್ತೆ ತೆರೆಕಂಡಿತು. ಹಳೆಯ 1.37 ಅಳತೆಯ ಯಾವುದೇ ಚಿತ್ರವನ್ನು ಕತ್ತರಿಸಿ 2.35ಕ್ಕೆ ತಂದರೆ ಎತ್ತರದಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಭಾಗ ಹೋಗುತ್ತದೆ. ತಲೆಯೋ ಪಾದವೋ ಯಾವುದಾದರೊಂದು ಹೊರಗೆ.

ಸರಿಯಾಗಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಇದೆ. ಮೂಲ ನೆಗೆಟಿವ್‌ನಿಂದ 4ಕೆ ಅಳತೆಯಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಅದನ್ನು ಜೀರ್ಣೋದ್ಧಾರ ಮಾಡಲಾಯಿತು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಕೋಲಾರ ಸೀಮೆಯ ಬಿ.ಆರ್. ಪಂತುಲು ತಮಿಳಿನಲ್ಲಿ ತೆಗೆದ 'ಕರ್ಣನ್' (1964) 2012ರಲ್ಲಿ ಡಿಜಿಟಲ್ ಆಗಿ ಬಂದಾಗ ಜನ ಟಿಕೆಟ್ ಕೊಂಡು ನೋಡಿದರು. ಮೂಲ ಉಳಿದಿದ್ದರೆ ಇಷ್ಟು ಸಾಧ್ಯ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' (1934) ಒಂದು ಪ್ರತಿಯೂ ಉಳಿದಿಲ್ಲ.

ಮನೆಯಲ್ಲಿ ಮಾಡಬಹುದಾದ್ದು

ಅಗಲ ಟಿವಿಯಲ್ಲಿ ಮುಖಗಳು ಉಬ್ಬಿದಂತೆ ಕಂಡರೆ ಚಿತ್ರದ ಅಳತೆಯನ್ನು 4:3ಕ್ಕೆ ಬದಲಿಸಬೇಕು. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಬರಲಿ. 'ವಿವಿಡ್' ಬಿಟ್ಟು 'ಸಿನಿಮಾ' ಮೋಡ್ ಇಟ್ಟರೆ ಕೆಂಪಿನ ಉರಿ ಕಮ್ಮಿಯಾಗುತ್ತದೆ. ಡಿಸ್ಕುಗಳನ್ನು ಬಿಸಿಲಿನಿಂದ ದೂರ, ನೆಟ್ಟಗೆ ನಿಲ್ಲಿಸಿ ಇಡುವುದು ಒಳ್ಳೆಯದು. ಮಧ್ಯದಿಂದ ಅಂಚಿನ ಕಡೆಗೆ ಒರೆಸಬೇಕು, ಸುತ್ತಿ ಸುತ್ತಿ ಅಲ್ಲ.

ಹಳೇ ಟೆಂಟ್ ನಡೆಸಿದ ಮನೆಗಳಲ್ಲಿ ರೀಲು ಡಬ್ಬಿ ಉಳಿದಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಮೂಸಿ ನೋಡುವುದು ಲೇಸು. ಹುಳಿ ವಾಸನೆ ಬಂದ ಡಬ್ಬಿಯನ್ನು ಉಳಿದವುಗಳಿಂದ ಬೇರೆ ಇಡಬೇಕು, ಆ ಆವಿ ಪಕ್ಕದ ರೀಲನ್ನೂ ಕೆಡಿಸುತ್ತದೆ. ಹಳೆಯ ಚಿತ್ರಗಳನ್ನು ಸಂಗ್ರಹಿಸಿ ಕಾಪಾಡುವ ಸರ್ಕಾರಿ ಸಂಸ್ಥೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. 1964ರಲ್ಲಿ ಆರಂಭವಾದ ಅದು 2022ರಿಂದ ಎನ್‌ಎಫ್‌ಡಿಸಿ ಅಡಿಯಲ್ಲಿದೆ.