ಪೈಲ್ವಾನರ ಚರಿತ್ರೆ ಮತ್ತು ಪುರಾವೆ: ಗಾಮಾನ ಜೀವನ ಸಂಗತಿಗಳ ಪರಿಶೀಲನೆ ಬೆಳೆದುಬಂದ ಬಗೆ

1880ರ ದಶಕದಿಂದ ಮೊದಲ ಮಹಾಯುದ್ಧದವರೆಗೆ ಯುರೋಪು ಮತ್ತು ಅಮೆರಿಕಗಳಲ್ಲಿ ಟಿಕೆಟ್ಟಿನ ಆಟವಾಗಿ ಬೆಳೆದ ವೃತ್ತಿಪರ ಕುಸ್ತಿಯ ಚರಿತ್ರೆಯನ್ನು ಬರೆಯುವವರಿಗೆ ಎದುರಾಗುವ ಮೊದಲ ತೊಡಕೆಂದರೆ, ಪೈಲ್ವಾನನ ಹೆಸರು, ವಯಸ್ಸು, ತೂಕ, ಎತ್ತಿದ ಭಾರ ಎಲ್ಲವೂ ಆತನ ಕಸುಬಿನ ಬಂಡವಾಳವೇ ಆಗಿದ್ದವೆಂಬುದು. ಯೂಜೆನ್ ಸ್ಯಾಂಡೋ ಎಂದು ಜಗತ್ತು ಬಲ್ಲ ಬಲಶಾಲಿಯ ಹುಟ್ಟುಹೆಸರು ಫ್ರೀಡ್ರಿಷ್ ವಿಲ್ಹೆಲ್ಮ್ ಮ್ಯೂಲರ್. ಪೋಲೆಂಡಿನ ಸ್ಟಾನಿಸ್ಲಾಸ್ ಝ್ಬಿಷ್ಕೋನ ನಿಜವಾದ ಮನೆತನದ ಹೆಸರು ಸಿಗಾನಿಯೆವಿಚ್. ಆಟದ ಗುತ್ತಿಗೆದಾರರು ಹಂಚಿದ ಕರಪತ್ರಗಳ ಮಾತೇ ಪತ್ರಿಕೆಗೆ ಬಂದು, ಪತ್ರಿಕೆಯ ಮಾತೇ ಪುಸ್ತಕಕ್ಕೆ ಇಳಿದು, ಒಂದೇ ಮೂಲದ ಹೇಳಿಕೆ ಹಲವು ಸಾಕ್ಷಿಗಳ ವೇಷ ತೊಟ್ಟಿತು.

ಈ ಕ್ಷೇತ್ರದ ಮೊದಲ ತಲೆಮಾರಿನವರು ಸಂಗ್ರಾಹಕರು. ಫ್ರಾನ್ಸಿನ ಎಡ್ಮಂಡ್ ಡೆಬೊನೆ 1910 ಮತ್ತು 1911ರಲ್ಲಿ ಕುಸ್ತಿಯ ಹಾಗೂ ಬಲದ ಅರಸರ ಮೇಲೆ ಹೊರತಂದ ಎರಡು ಗ್ರಂಥಗಳಲ್ಲಿ ಛಾಯಾಚಿತ್ರ, ದೇಹದ ಅಳತೆ ಮತ್ತು ಪರಿಚಯದವರ ಹೇಳಿಕೆಗಳು ಒಟ್ಟಿಗೆ ಸೇರಿದವಾದರೂ ಅವುಗಳನ್ನು ಜರಡಿ ಹಿಡಿಯುವ ಕೆಲಸ ನಡೆದದ್ದು ಬಹಳ ತಡವಾಗಿ. ಸ್ವತಃ ಭಾರ ಎತ್ತುವ ಪಟುವಾಗಿದ್ದ ಡೇವಿಡ್ ವಿಲೋಬಿ 1970ರಲ್ಲಿ ಪ್ರಕಟಿಸಿದ ಗ್ರಂಥವು ಹಳೆಯ ಬಲಪ್ರದರ್ಶನಗಳ ಅಂಕಿಗಳನ್ನು ಮನುಷ್ಯದೇಹದ ಸಾಧ್ಯತೆಯೊಡನೆ ತೂಗಿ ನೋಡುವ ಕ್ರಮವನ್ನು ಬೆಳೆಸಿತು. ಆಟ್ಲಿ ಕೂಲ್ಟರ್ ಜೀವಮಾನವಿಡೀ ಕೂಡಿಹಾಕಿದ ಕಾಗದಪತ್ರಗಳು ಟೆರಿ ಟಾಡ್ ಮತ್ತು ಜಾನ್ ಟಾಡ್ ದಂಪತಿಯ ಮೂಲಕ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಗ್ರಹಕ್ಕೆ ಸೇರಿದ್ದರಿಂದ, ಹಾಗೂ ಅದೇ ದಂಪತಿ 1990ರಲ್ಲಿ ‘ಐರನ್ ಗೇಮ್ ಹಿಸ್ಟರಿ’ ಪತ್ರಿಕೆಯನ್ನು ಆರಂಭಿಸಿದ್ದರಿಂದ, ಹವ್ಯಾಸಿಗಳ ವಿಷಯವಾಗಿದ್ದುದು ಅಧ್ಯಯನದ ವಿಷಯವಾಯಿತು.

ಜನ್ಮದಿನದಂಥ ಸರಳ ಸಂಗತಿಯೂ ಎಷ್ಟು ಎಚ್ಚರ ಬೇಡುತ್ತದೆಂಬುದಕ್ಕೆ ಪೈಲ್ವಾನ ಜಾರ್ಜ್ ಹ್ಯಾಕೆನ್‌ಸ್ಮಿತ್‌ನ ಉದಾಹರಣೆ ಸಾಕು. ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ದೋರ್ಪಾತ್ ಪಟ್ಟಣದಲ್ಲಿ ಹುಟ್ಟಿದ ಆತನ ಜನ್ಮದಿನವನ್ನು ಕೆಲವರು ಆಗಸ್ಟ್ 1 ಎಂದೂ ಕೆಲವರು ಆಗಸ್ಟ್ 2 ಎಂದೂ ಬರೆಯುತ್ತಾರೆ. ಅಲ್ಲಿ ಆಗ ಬಳಕೆಯಲ್ಲಿದ್ದ ಹಳೆಯ ಜೂಲಿಯನ್ ಕ್ಯಾಲೆಂಡರಿನ ಜುಲೈ 20ನ್ನು ಹೊಸ ಕ್ಯಾಲೆಂಡರಿಗೆ ತಿರುಗಿಸುವಾಗ ಹತ್ತೊಂಬತ್ತನೆಯ ಶತಮಾನಕ್ಕೆ 12 ದಿನ ಕೂಡಿಸಬೇಕು, ಇಪ್ಪತ್ತನೆಯ ಶತಮಾನಕ್ಕೆ 13 ದಿನ. ಹುಟ್ಟಿದ್ದು 1877ರಲ್ಲಾದ್ದರಿಂದ ಆಗಸ್ಟ್ 1 ಎಂಬುದೇ ಸರಿ.

ಇದೇ ಕಾಲದ ಭಾರತೀಯ ಪೈಲ್ವಾನ, ‘ಮಹಾ ಗಾಮಾ’ ಎಂದು ಹೆಸರಾದ ಗುಲಾಂ ಮೊಹಮ್ಮದ್ ಬಕ್ಷ್‌ನ ವಿಷಯಕ್ಕೆ ಬಂದರೆ ಕೆಲಸ ಇಷ್ಟು ಸುಲಭವಲ್ಲ. ಹುಟ್ಟೂರು ಅಮೃತಸರವೆಂದು ಕೆಲವರು, ದತಿಯಾ ಎಂದು ಕೆಲವರು ಹೇಳುತ್ತಾರೆ. ವರ್ಷವನ್ನು ಬಹುಪಾಲು ಬರಹಗಳು 1878 ಎನ್ನುತ್ತವೆ. 1888ರಲ್ಲಿ ಜೋಧಪುರದಲ್ಲಿ ನಡೆಯಿತೆನ್ನಲಾದ ಬಸ್ಕಿ ಸ್ಪರ್ಧೆಯಲ್ಲಿ ಹತ್ತು ವರ್ಷದ ಬಾಲಕ ಗಾಮಾ ನೂರಾರು ಜಟ್ಟಿಗಳ ನಡುವೆ ಕೊನೆಯವರೆಗೂ ಉಳಿದನೆಂಬ ಪ್ರಸಿದ್ಧ ಕಥೆಗೂ ಈ ಜನ್ಮವರ್ಷಕ್ಕೂ ಲೆಕ್ಕ ಕೂಡುತ್ತದೆ ನಿಜ. ಆದರೆ ಕಥೆಯಿಂದ ಜನ್ಮವರ್ಷ ಹುಟ್ಟಿತೋ ಜನ್ಮವರ್ಷದಿಂದ ಕಥೆಯ ಇಸವಿ ಹುಟ್ಟಿತೋ ತಿಳಿಯದಿರುವಾಗ ಒಂದನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ಸಲ್ಲದು.

ಬರೋಡದ ಸಯಾಜಿಬಾಗಿನ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಇನ್ನೂ ಸ್ವಾರಸ್ಯದ ಪ್ರಕರಣ. ಗಾಮಾ 1902ರ ಡಿಸೆಂಬರ್ 23ರಂದು ಅದನ್ನು ಎತ್ತಿದನೆಂದು ಕಲ್ಲಿನ ಮೇಲಿನ ಬರಹ ಸಾರುತ್ತದೆ. ಅದರ ತೂಕ 1200 ಕಿಲೋ ಎಂಬುದು ಈಗ ಎಲ್ಲೆಡೆ ಕಾಣುವ ಮಾತು. ಸಕಲ ಸಾಧನಗಳ ನೆರವಿದ್ದ ಎಡ್ಡಿ ಹಾಲ್ 2016ರಲ್ಲಿ 500 ಕಿಲೋ ಭಾರವನ್ನು ನೆಲದಿಂದ ತೊಡೆಯ ಮಟ್ಟಕ್ಕೆ ಎತ್ತಿದ್ದೇ ಅಂದು ಮನುಷ್ಯಶಕ್ತಿಯ ಅಂಚೆನಿಸಿದ್ದಾಗ, 1200 ಕಿಲೋ ಭಾರವನ್ನು ಆತ ಎದೆಮಟ್ಟಕ್ಕೆ ತಂದು ನಡೆದನೆಂಬ ಮಾತು ನಂಬಲರ್ಹವಲ್ಲ. ಎರಡೂವರೆ ಅಡಿ ಎತ್ತರದ್ದೆಂದು ಹೇಳುವ ಆ ಕಲ್ಲು ಅಷ್ಟು ತೂಗಬೇಕಾದರೆ, ಗಟ್ಟಿ ಬಂಡೆಯ ಸಾಂದ್ರತೆಯ ಲೆಕ್ಕದಲ್ಲಿ, ಅದರ ಅಡ್ಡಳತೆ ಸುಮಾರು ಎರಡೂಮುಕ್ಕಾಲು ಅಡಿ ಇರಬೇಕಾಗುತ್ತದೆ. ಇದನ್ನು ಅಳತೆಪಟ್ಟಿಯೊಂದರಿಂದಲೇ ಪರೀಕ್ಷಿಸಬಹುದು. ಅಲ್ಲದೆ 1902ರ ಬರೋಡದಲ್ಲಿ ತೂಕ ನಡೆಯುತ್ತಿದ್ದುದು ಮಣ, ಸೇರುಗಳಲ್ಲಿ. ಮೆಟ್ರಿಕ್ ಪದ್ಧತಿಗೆ ಭಾರತದಲ್ಲಿ ಕಾನೂನು ಬಂದದ್ದು 1956ರಲ್ಲಿ. ಹೀಗಾಗಿ ಕಿಲೋ ಅಂಕಿ ಮೂಲದ್ದಾಗಿರಲಾರದು. ಗುಜರಾತಿನ ಮಣ ಬಂಗಾಳದ ಮಣದ ಅರ್ಧದಷ್ಟೇ ಇದ್ದುದರಿಂದ, ಯಾರೋ ತಪ್ಪು ಮಣವನ್ನು ಹಿಡಿದು ಲೆಕ್ಕ ಹಾಕಿದ್ದರೆ ತೂಕ ಇಮ್ಮಡಿಯಾಗುವ ಸಾಧ್ಯತೆಯೂ ಉಂಟು. ಗಾಮಾ ದೊಡ್ಡ ಕಲ್ಲನ್ನೆತ್ತಿದನೆಂಬುದನ್ನು ಅಲ್ಲಗಳೆಯಲು ಇದು ಕಾರಣವಲ್ಲ. ಸಂಶಯಕ್ಕೆ ಗುರಿಯಾಗಬೇಕಾದುದು ಅಂಕಿಯೇ ಹೊರತು ಪೈಲ್ವಾನನಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಆತ ದಿನಕ್ಕೆ 5000 ಬಸ್ಕಿ ಹೊಡೆಯುತ್ತಿದ್ದನೆಂಬ ಮಾತು ಕೇಳಲು ಉತ್ಪ್ರೇಕ್ಷೆ ಎನಿಸಿದರೂ, ಎರಡು ಸೆಕೆಂಡಿಗೊಂದರಂತೆ ಎಣಿಸಿದರೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಗರಡಿಯಲ್ಲೇ ಬದುಕು ಸವೆಸಿದವನಿಗೆ ಅದು ಅಸಾಧ್ಯವಲ್ಲ.

1910ರ ಲಂಡನ್ ಪ್ರವಾಸದ ವಿಷಯದಲ್ಲಿ ಮಾತ್ರ ನೆಲ ಗಟ್ಟಿಯಿದೆ. ಅಂದಂದಿನ ಪತ್ರಿಕಾ ವರದಿಗಳನ್ನು, ಅಂದರೆ ಘಟನೆ ನಡೆದ ಕಾಲದಲ್ಲೇ ಹುಟ್ಟಿದ ಸಮಕಾಲೀನ ಮೂಲಗಳನ್ನು, ಹುಡುಕಿ ಜೋಡಿಸಿದವರು ಗ್ರಹಾಂ ನೋಬಲ್. ಆಗಸ್ಟಿನಲ್ಲಿ ಅಮೆರಿಕದ ಬೆಂಜಮಿನ್ ರೋಲರ್‌ನನ್ನು ಗಾಮಾ ಸೋಲಿಸಿದ. ಸೆಪ್ಟೆಂಬರ್ 10ರಂದು ಶೆಫರ್ಡ್ಸ್ ಬುಷ್‌ನ ಕ್ರೀಡಾಂಗಣದಲ್ಲಿ, ಯಾವ ಹಿಡಿತಕ್ಕೂ ಅವಕಾಶವಿರುವ ‘ಕ್ಯಾಚ್ ಆ್ಯಸ್ ಕ್ಯಾಚ್ ಕ್ಯಾನ್’ ಪದ್ಧತಿಯಲ್ಲಿ ಝ್ಬಿಷ್ಕೋನೊಡನೆ ನಡೆದ ಕಾಳಗದಲ್ಲಿ ಎದುರಾಳಿ ಬಹುಹೊತ್ತು ಚಾಪೆಗೆ ಅಂಟಿಕೊಂಡೇ ಇದ್ದುದರಿಂದ ಎರಡೂವರೆ ಗಂಟೆ ಮೀರಿದರೂ ಯಾರ ಬೆನ್ನೂ ನೆಲ ಮುಟ್ಟಲಿಲ್ಲ. ಸೆಪ್ಟೆಂಬರ್ 17ರ ಮರುಪಂದ್ಯಕ್ಕೆ ಝ್ಬಿಷ್ಕೋ ಬರಲೇ ಇಲ್ಲ. ಆದುದರಿಂದ ಲಂಡನ್ನಿನಲ್ಲಿ ಗಾಮಾ ಝ್ಬಿಷ್ಕೋನನ್ನು ಚಿತ್ ಮಾಡಿದನೆಂದು ಬರೆಯುವವರು ಎರಡು ಘಟನೆಗಳನ್ನು ಬೆರೆಸುತ್ತಾರೆ: ಚಿತ್ ಮಾಡಿದ್ದು 1928ರ ಜನವರಿಯಲ್ಲಿ, ಪಟಿಯಾಲದಲ್ಲಿ, ಒಂದು ನಿಮಿಷಕ್ಕೂ ಕಡಿಮೆ ಸಮಯದಲ್ಲಿ.

ಮಾನವಶಾಸ್ತ್ರಜ್ಞ ಜೋಸೆಫ್ ಆಲ್ಟರ್ 1990ರ ದಶಕದಿಂದ ಬರೆದ ಲೇಖನಗಳು ಮತ್ತೊಂದು ದಾರಿ ತೆರೆದವು. ಗಾಮಾನ ದೇಹ ವಸಾಹತುಕಾಲದ ಭಾರತಕ್ಕೆ ಏನನ್ನು ಸೂಚಿಸಿತು, ಅಂಥ ಕಥೆಗಳು ಯಾರಿಗೆ ಬೇಕಾಗಿದ್ದವು ಎಂಬ ಪ್ರಶ್ನೆಗಳನ್ನು ಅವರು ಎತ್ತಿದರು. ನ್ಯೂಜಿಲೆಂಡಿನ ‘ಪೇಪರ್ಸ್ ಪಾಸ್ಟ್’, ಆಸ್ಟ್ರೇಲಿಯಾದ ‘ಟ್ರೋವ್’, ಬ್ರಿಟನ್ನಿನ ಪತ್ರಿಕಾ ಸಂಗ್ರಹ ಮೊದಲಾದ ಡಿಜಿಟಲ್ ಭಂಡಾರಗಳು ಬಂದ ಮೇಲೆ ದಿನಾಂಕಗಳನ್ನು ತಾಳೆ ನೋಡುವ ಕೆಲಸ ಹಗುರಾಗಿದೆಯಾದರೂ, ಅವುಗಳಲ್ಲಿರುವುದು ಬಹುಪಾಲು ಇಂಗ್ಲಿಷ್ ಪತ್ರಿಕೆಗಳಾದ್ದರಿಂದ ಒಂದು ಅನ್ಯಾಯವೂ ಬೆಳೆಯುತ್ತಿದೆ: ಗಾಮಾ ಲಂಡನ್ನಿನಲ್ಲಿ ಕಳೆದ ಕೆಲವೇ ತಿಂಗಳುಗಳು ದಾಖಲೆಯ ಬೆಳಕಿನಲ್ಲಿ ನಿಂತಿದ್ದರೆ, ಅಖಾಡಗಳಲ್ಲಿ ಕಳೆದ ದಶಕಗಳು ದಂತಕಥೆಯ ಪಾಲಾಗಿವೆ, ಕಾಗದವಿಲ್ಲದ್ದನ್ನು ಸುಳ್ಳೆಂದೇ ಬಗೆಯುವ ಚಾಳಿ ಬರಹಗಾರರಲ್ಲಿ ಬೇರೂರುತ್ತಿದೆ. ದತಿಯಾ, ಬರೋಡ, ಪಟಿಯಾಲದಂಥ ಸಂಸ್ಥಾನಗಳು ಪೈಲ್ವಾನರನ್ನು ಸಂಬಳ ಕೊಟ್ಟು ಸಾಕಿದವು. ಸಂಬಳ, ಇನಾಮು, ಹಾಲು ಬಾದಾಮಿಯ ಖರ್ಚು ಬೀಳುತ್ತಿದ್ದುದು ದರಬಾರಿನ ಲೆಕ್ಕಕ್ಕೆ. ಆ ಲೆಕ್ಕಪತ್ರಗಳನ್ನೂ ಅಂದಿನ ಉರ್ದು, ಗುಜರಾತಿ, ಮರಾಠಿ ಪತ್ರಿಕೆಗಳನ್ನೂ ಓದಬಲ್ಲವರು ಈ ಕ್ಷೇತ್ರಕ್ಕೆ ಬರುವವರೆಗೆ ಗಾಮಾನ ಜೀವನಚರಿತ್ರೆ ಲಂಡನ್ನಿನ ಕಣ್ಣಿಗೆ ಕಂಡಷ್ಟೇ ಆಗಿರುತ್ತದೆ.